ಭಾಲ್ಕಿಯ ಮಣ್ಣಿನ ಲೆಕ್ಕ ಸಮುದ್ರದ ತಳದಲ್ಲಿದೆ, ತಹಶೀಲ್ದಾರ್ ಕಚೇರಿಯಲ್ಲಿಲ್ಲ

ಮಳೆಗಾಲದಲ್ಲಿ ಭಾಲ್ಕಿಯಿಂದ ಔರಾದ್ ಕಡೆಗೆ ಹೊರಟರೆ ಮಾಂಜ್ರಾ ಸೇತುವೆ ಮೇಲೆ ಒಂದು ನಿಮಿಷ ಗಾಡಿ ನಿಲ್ಲಿಸಿ ಕೆಳಗೆ ನೋಡಿ. ನೀರು ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣ ಮೇಲಿನ ಹೊಲಗಳ ಮಣ್ಣಿನದು. ಬೀಡ್ ಜಿಲ್ಲೆಯದೂ ಇರಬಹುದು, ಲಾತೂರಿನದೂ ಇರಬಹುದು, ನಮ್ಮದೂ ಇರಬಹುದು.

2025ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬೀದರ್ ಜಿಲ್ಲೆಯಲ್ಲಿ ಏನಾಯ್ತು ಅನ್ನೋದು ಇನ್ನೂ ಮರೆತಿಲ್ಲ. ಹೆಸರು, ಉದ್ದು, ಸೋಯಾ, ತೊಗರಿ ನೀರಲ್ಲಿ ನಿಂತು ಕೊಳೆತವು. ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರ ಜಿಲ್ಲೆಗಳ ವೈಮಾನಿಕ ಸಮೀಕ್ಷೆ ನಡೆಸಿದರು. ಕೇಂದ್ರದ ಮಾರ್ಗಸೂಚಿಯ ಪರಿಹಾರದ ಮೇಲೆ ರಾಜ್ಯದಿಂದ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿಯಾಗಿ ಕೊಡುತ್ತೇವೆ ಎಂದು ಘೋಷಿಸಿದರು. ಖುಷ್ಕಿ ಬೆಳೆಗೆ 17,000, ನೀರಾವರಿ ಬೆಳೆಗೆ 25,500, ಬಹುವಾರ್ಷಿಕ ಬೆಳೆಗೆ 31,000 ಅಂತ ಲೆಕ್ಕ ಬಂತು. ಅದು ಸಾಕೋ ಸಾಲದೋ ಎಂಬ ಚರ್ಚೆ ಆಯ್ತು, ಆಗಬೇಕಾದ್ದೇ.

ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಬೆಳೆ ಹೋಯ್ತು, ಸರಿ. ಮಣ್ಣು ಎಷ್ಟು ಹೋಯ್ತು?

ಕೇಳಿದ್ದರೂ ಉತ್ತರ ಸಿಗುತ್ತಿರಲಿಲ್ಲ. ಬೆಳೆ ಹಾನಿ ಸಮೀಕ್ಷೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ವಿಚಿತ್ರ ಏನಂದ್ರೆ, ಕಳೆದ ಹನ್ನೊಂದು ಸಾವಿರ ವರ್ಷಗಳಲ್ಲಿ ಈ ಸೀಮೆಯ ಮಣ್ಣು ಯಾವಾಗ ಹೆಚ್ಚು ಹೋಯಿತು, ಯಾವಾಗ ಕಡಿಮೆ ಹೋಯಿತು ಎಂಬ ಲೆಕ್ಕ ಒಂದು ಕಡೆ ಇದೆ. ಅದು ಇರೋದು ಬಂಗಾಳಕೊಲ್ಲಿಯ ತಳದ ಕೆಸರಿನಲ್ಲಿ. ಅದನ್ನು ಓದೋದಕ್ಕೆ ವಿಜ್ಞಾನಿಗಳಿಗೆ ನೆರವಾದದ್ದು ಸುಣ್ಣ, ಅಂದರೆ ಕಾರ್ಬೊನೇಟ್ ಖನಿಜ.

ಮಾಂಜ್ರಾದ ಮಣ್ಣು ಎಲ್ಲಿಗೆ ಹೋಗ್ತದೆ?

ಕರ್ನಾಟಕದ ಹೆಚ್ಚಿನ ಭಾಗದ ನೀರು ಕೃಷ್ಣೆಗೋ ಕಾವೇರಿಗೋ ಸೇರುತ್ತದೆ. ಬೀದರ್ ಹಾಗಲ್ಲ. ಜಿಲ್ಲೆಯ ಬಹುಪಾಲು ಗೋದಾವರಿ ಕೊಳ್ಳದಲ್ಲಿದೆ. ಮಾಂಜ್ರಾ ಹುಟ್ಟೋದು ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ. ಲಾತೂರು ದಾಟಿ ಬೀದರ್ ಜಿಲ್ಲೆಗೆ ಬಂದು, ಕಾರಂಜಾ ನೀರನ್ನೂ ಸೇರಿಸಿಕೊಂಡು ತೆಲಂಗಾಣಕ್ಕೆ ಹೋಗುತ್ತದೆ. ಸಿಂಗೂರು, ನಿಜಾಮ್‌ಸಾಗರ ದಾಟಿ, ನಿಜಾಮಾಬಾದ್ ಜಿಲ್ಲೆಯ ಕಂದಕುರ್ತಿ ಹತ್ತಿರ ಗೋದಾವರಿಗೆ ಸೇರುತ್ತದೆ. ಅಲ್ಲಿಂದ ಮುಂದೆ ರಾಜಮಂಡ್ರಿ, ಮುಖಜ ಭೂಮಿ, ಕೊನೆಗೆ ಸಮುದ್ರ.

ಗೋದಾವರಿ ಸಮುದ್ರ ಸೇರುವ ಜಾಗದಲ್ಲಿ ಮಣ್ಣು ಮಾಯವಾಗೋದಿಲ್ಲ. ದಡದಿಂದ ಸ್ವಲ್ಪ ದೂರದವರೆಗೆ ಸಮುದ್ರ ಆಳವಿಲ್ಲ. ಆಮೇಲೆ ತಳ ಇಳಿಜಾರಾಗಿ ಸಾವಿರಾರು ಮೀಟರ್ ಆಳಕ್ಕೆ ಇಳಿಯುತ್ತದೆ. ಭೂಖಂಡ ಮುಗಿದು ಆಳ ಸಾಗರ ಶುರುವಾಗುವ ಈ ಭಾಗವನ್ನು ಖಂಡದ ಅಂಚು ಅಂತಾರೆ. ನದಿ ತಂದ ಮಣ್ಣು ಪದರ ಪದರವಾಗಿ ಅಲ್ಲಿ ಕೂರುತ್ತದೆ. ಹೊಸದು ಮೇಲೆ, ಹಳೆಯದು ಕೆಳಗೆ. ನಮ್ಮ ಕಂದಾಯ ದಾಖಲೆಗಳಿಗಿಂತ ಅಚ್ಚುಕಟ್ಟಾದ ಕಡತ.

2006ರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ 'ಜಾಯ್ಡಿಸ್ ರೆಸಲ್ಯೂಷನ್' ಎಂಬ ಹಡಗು ಭಾರತದ ಸುತ್ತಲ ಸಮುದ್ರದಲ್ಲಿ 21 ಕಡೆ ಕೊರೆಯಿತು. ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮದ ಮೊದಲ ಯಾನ ಅದು. ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ, ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮತ್ತು ಇತರರು ಸೇರಿ ನಡೆಸಿದ ಕೆಲಸ. ಹುಡುಕುತ್ತಿದ್ದದ್ದು ಮಣ್ಣನ್ನಲ್ಲ, ಗ್ಯಾಸನ್ನು. ಆ ಹುಡುಕಾಟದಲ್ಲಿ ಗೋದಾವರಿ ಬಾಯಿಯ ಎದುರು, ಸಾವಿರ ಮೀಟರಿಗೂ ಹೆಚ್ಚು ಆಳದ ನೀರಿನ ಕೆಳಗಿಂದ ಒಂದು ಕೋರ್ ಮೇಲೆ ಬಂತು. ಅದರ ಹೆಸರು ಎನ್‌ಜಿಎಚ್‌ಪಿ-01-16ಎ.

ಕೋರ್ ಅಂದ್ರೆ ಏನು? ಅಡತಿ ಅಂಗಡಿಯಲ್ಲಿ ತೊಗರಿ ಚೀಲಕ್ಕೆ ಚೂಪು ಕೊಳವೆ ಚುಚ್ಚಿ ಒಳಗಿನ ಕಾಳು ಹೊರಗೆ ತೆಗೆದು ನೋಡ್ತಾರಲ್ಲ, ಹಾಗೇ. ಉದ್ದನೆಯ ಕೊಳವೆಯನ್ನು ಕೆಸರಿಗೆ ಇಳಿಸಿ, ಪದರ ಕೆಡದಂತೆ ಮೇಲೆತ್ತಿದ ಮಣ್ಣಿನ ಕಂಬ. ಆ ಕಂಬದ ಮೇಲಿನ ಕೆಲವು ಮೀಟರುಗಳಲ್ಲೇ ಹಿಮಯುಗ ಮುಗಿದ ನಂತರದ ಅಷ್ಟೂ ಚರಿತ್ರೆ ಇದೆ.

ಚಿಪ್ಪು ಗಡಿಯಾರವಾದ ಬಗೆ

ಸಮುದ್ರದ ಮೇಲ್ಪದರದಲ್ಲಿ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳು ತೇಲುತ್ತಿರುತ್ತವೆ. ರವೆಯ ಕಾಳಿಗಿಂತಲೂ ಸಣ್ಣವು. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಇಂಗಾಲ ಹೀರಿ ಮೈಸುತ್ತ ಚಿಪ್ಪು ಕಟ್ಟಿಕೊಳ್ಳುತ್ತವೆ. ಆ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ನಮ್ಮ ಸುಣ್ಣಕಲ್ಲು ಯಾವುದರಿಂದ ಆಗಿದೆಯೋ ಅದೇ. ಜೀವಿ ಸತ್ತ ಮೇಲೆ ಚಿಪ್ಪು ತಳಕ್ಕೆ ಬಿದ್ದು, ಗೋದಾವರಿಯ ಮಣ್ಣಿನ ಜೊತೆ ಕೂರುತ್ತದೆ.

ಈ ಸಣ್ಣ ಚಿಪ್ಪು ಎರಡು ಸಂಗತಿ ಹೇಳುತ್ತದೆ.

ಒಂದು, ಕಾಲ. ಚಿಪ್ಪಿನಲ್ಲಿರುವ ಇಂಗಾಲದ ರೇಡಿಯೋಕಾರ್ಬನ್ ಅಳೆದರೆ ಆ ಪದರ ಎಷ್ಟು ವರ್ಷದ ಹಿಂದಿನದು ಅಂತ ತಿಳಿಯುತ್ತದೆ.

ಎರಡು, ನೀರಿನ ಉಪ್ಪು. ಮಳೆ ನೀರಿನಲ್ಲಿ ಹಗುರ ಆಮ್ಲಜನಕದ ಪಾಲು ಹೆಚ್ಚು. ಮುಂಗಾರು ಜೋರಾಗಿ ನದಿಗಳು ತುಂಬಿ ಬಂದರೆ ಸಮುದ್ರದ ಮೇಲ್ಪದರ ಸಪ್ಪೆಯಾಗುತ್ತದೆ, ಚಿಪ್ಪಿನಲ್ಲೂ ಹಗುರ ಆಮ್ಲಜನಕ ಹೆಚ್ಚುತ್ತದೆ. ಮಳೆ ಕೈಕೊಟ್ಟರೆ ಉಪ್ಪು ಏರುತ್ತದೆ, ಚಿಪ್ಪಿನಲ್ಲಿ ಭಾರದ ಆಮ್ಲಜನಕ ಉಳಿಯುತ್ತದೆ.

2012ರಲ್ಲಿ ಕಮಿಲೋ ಪೋಂಟನ್ ಮತ್ತು ಸಂಗಡಿಗರು ಇದೇ ಕೋರ್ ಓದಿ ಒಂದು ಅಧ್ಯಯನ ಪ್ರಕಟಿಸಿದರು. ಕೆಸರಿನಲ್ಲಿ ಉಳಿದಿದ್ದ ಎಲೆಗಳ ಮೇಣದಿಂದ ಮಧ್ಯ ಭಾರತ ಮತ್ತು ದಖ್ಖನ್ನಿನಲ್ಲಿ ಆಗ ಯಾವ ಬಗೆಯ ಗಿಡಗಳಿದ್ದವು ಎಂದು ತಿಳಿದರು, ಚಿಪ್ಪುಗಳಿಂದ ಸಮುದ್ರದ ಉಪ್ಪನ್ನು ಲೆಕ್ಕ ಹಾಕಿದರು. ಸುಮಾರು 4,000 ವರ್ಷದ ಹಿಂದಿನಿಂದ 1,700 ವರ್ಷದ ಹಿಂದಿನವರೆಗೆ ಈ ನಾಡು ನಿಧಾನವಾಗಿ ಒಣಗುತ್ತಾ ಬಂತು. ಒಣಭೂಮಿಯ ಗಿಡಗಳು ಹೆಚ್ಚಿದವು. ಅಲ್ಲಿಂದ ಈಚೆಗೆ ಹಳೆಯ ಹಸಿರು ಮರಳಲೇ ಇಲ್ಲ. ಕಳೆದ 3,000 ವರ್ಷಗಳಲ್ಲಿ, ಅದರಲ್ಲೂ 1,700 ವರ್ಷದ ಈಚೆಗೆ, ಬಂಗಾಳಕೊಲ್ಲಿಯಲ್ಲಿ ಹಿಂದೆಂದೂ ಇಲ್ಲದಷ್ಟು ಉಪ್ಪು ಏರಿದ ಕಾಲಗಳಿದ್ದವು ಎಂದು ಚಿಪ್ಪುಗಳು ತೋರಿಸಿದವು. ನಾವು 'ಬರದ ನಾಡು' ಅಂತ ಕರೆಯೋ ಕಲ್ಯಾಣ ಕರ್ನಾಟಕದ ಒಣತನ ನಿನ್ನೆ ಮೊನ್ನೆಯದಲ್ಲ.

ಬರದ ಕಾಲದಲ್ಲೇ ಮಣ್ಣು ಹೆಚ್ಚು ಹೋಯ್ತು

ಇಲ್ಲಿಂದ ಕತೆ ನಮ್ಮ ಹೊಲಕ್ಕೆ ಬರುತ್ತದೆ. ಮಳೆ ಕಡಿಮೆಯಾದರೆ ಮಣ್ಣು ಕೊಚ್ಚಿ ಹೋಗೋದೂ ಕಡಿಮೆಯಾಗಬೇಕು ತಾನೇ? ನಾವೆಲ್ಲ ಹಾಗೇ ಅಂದುಕೊಳ್ಳುತ್ತೇವೆ. ಕೋರ್ ಹೇಳಿದ್ದು ಉಲ್ಟಾ.

2017ರಲ್ಲಿ ಲಿವಿಯು ಜಿಯೋಸನ್ ಮತ್ತು ಸಂಗಡಿಗರು ಅದೇ ಕೋರ್‌ನಲ್ಲಿ ಮಣ್ಣಿನ ಪ್ರಮಾಣವನ್ನೂ ಮೂಲವನ್ನೂ ಹುಡುಕಿದರು. ಗೋದಾವರಿ ಕೊಳ್ಳದಲ್ಲಿ ಮುಖ್ಯವಾಗಿ ಎರಡು ಬಗೆಯ ಬಂಡೆಗಳಿವೆ. ಪಶ್ಚಿಮಕ್ಕೆ ದಖ್ಖನ್ನಿನ ಕರಿಕಲ್ಲು, ಅಂದರೆ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಪೂರ್ವಕ್ಕೆ ಅದಕ್ಕಿಂತ ತುಂಬಾ ಹಳೆಯ ಗ್ರಾನೈಟ್ ಜಾತಿಯ ಬಂಡೆಗಳು. ನಿಯೋಡಿಮಿಯಂ ಎಂಬ ಧಾತುವಿನ ಐಸೋಟೋಪ್‌ಗಳು ಎರಡರಲ್ಲೂ ಬೇರೆ ಬೇರೆ. ಸಮುದ್ರದ ತಳದ ಜೇಡಿಯನ್ನು ಪರೀಕ್ಷಿಸಿದರೆ 'ಇದು ದಖ್ಖನ್ನಿನ ಕರಿಮಣ್ಣು' ಅಂತ ಗುರುತು ಹಿಡಿಯಬಹುದು. ಭಾಲ್ಕಿಯದು ಯಾವ ಕಣ, ಲಾತೂರಿನದು ಯಾವ ಕಣ ಅಂತ ಬಿಡಿಸಿ ಹೇಳೋಕಾಗಲ್ಲ. ಆದರೆ ಭಾಲ್ಕಿ, ಔರಾದ್ ಹೊಲಗಳ ಮಣ್ಣು ಹುಟ್ಟಿದ್ದೂ ಅದೇ ಕರಿಕಲ್ಲಿನಿಂದ.

ಅವರಿಗೆ ಕಂಡದ್ದು ಇಷ್ಟು: ಮುಂಗಾರು ಸೊರಗಿದ ಮೇಲೆ ಮಣ್ಣಿನ ಸವೆತ ಹೆಚ್ಚಾಯಿತು. ಆಮೇಲೆ ನವಶಿಲಾಯುಗದಲ್ಲಿ ದಖ್ಖನ್ನಿಗೆ ಬೇಸಾಯ ಬಂದು, ಕಬ್ಬಿಣದ ಯುಗದಲ್ಲಿ ಅದು ಹರಡಿದಾಗ ಇನ್ನೂ ಹೆಚ್ಚಾಯಿತು. ಎಷ್ಟರ ಮಟ್ಟಿಗೆ ಅಂದರೆ, ಗೋದಾವರಿ ಎದುರಿನ ಖಂಡದ ಅಂಚೇ ವೇಗವಾಗಿ ಬೆಳೆಯಿತು. ದಖ್ಖನ್ ಸವೆದಷ್ಟೂ ಸಮುದ್ರದ ಅಂಚು ದಪ್ಪವಾಯ್ತು.

ಇನ್ನೊಂದು ಸುಳಿವು ಇದಕ್ಕಿಂತ ಗಂಭೀರ. ಒಂದೇ ಪದರದಲ್ಲಿ ಚಿಪ್ಪಿನ ವಯಸ್ಸು ಬೇರೆ, ನೆಲದಿಂದ ಬಂದ ಸಾವಯವ ಇಂಗಾಲದ ವಯಸ್ಸು ಬೇರೆ. ಚಿಪ್ಪು ಆ ಪದರ ಕೂತ ಕಾಲ ಹೇಳುತ್ತದೆ. ಅದರ ಪಕ್ಕದ ಸಾವಯವ ಇಂಗಾಲ ಅದಕ್ಕಿಂತ ಹಳೆಯದಾಗಿದ್ದರೆ, ಅಷ್ಟು ಕಾಲ ಅದು ಮಣ್ಣಿನೊಳಗೆ ಇತ್ತು ಅಂತ ಅರ್ಥ. ಸವೆತ ಹೆಚ್ಚಿದ ಕಾಲದಲ್ಲಿ ಈ ಇಂಗಾಲದ ವಯಸ್ಸೂ ಹೆಚ್ಚಿತು. ಅಂದರೆ ಹೋದದ್ದು ಮೇಲಿನ ಕಸಕಡ್ಡಿ ಮಾತ್ರವಲ್ಲ, ಬಹಳ ಕಾಲದಿಂದ ನೆಲದೊಳಗಿದ್ದ ಹಳೆಯ ಮಣ್ಣೂ ಹೋಯ್ತು. ಕಾರ್ಬೊನೇಟ್ ಚಿಪ್ಪು ಇಲ್ಲದಿದ್ದರೆ ಈ ವ್ಯತ್ಯಾಸ ಗೊತ್ತೇ ಆಗುತ್ತಿರಲಿಲ್ಲ.

ಕಾರಣ ಹುಡುಕಲು ನಮಗೆ ಪ್ರಯೋಗಾಲಯ ಬೇಕಿಲ್ಲ. ಬರ ಬಂದರೆ ಹುಲ್ಲು, ಪೊದೆ, ಗಿಡ ಹೋಗುತ್ತವೆ. ನೆಲ ಬರಿಮೈ ಆಗುತ್ತದೆ. ಆಮೇಲೆ ಒಂದೇ ಸಲ ಜೋರು ಮಳೆ ಬಿದ್ದರೆ ಹಿಡಿದಿಡಲು ಬೇರಿಲ್ಲ. 2016 ನೆನಪಿಸಿಕೊಳ್ಳಿ. ಆ ಏಪ್ರಿಲ್‌ನಲ್ಲಿ ಮಾಂಜ್ರಾ ಜಲಾಶಯ ಬತ್ತಿ, ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತಂದರು. ಅದೇ ವರ್ಷದ ಮಳೆಗಾಲದ ಕೊನೆಗೆ ಅದೇ ಮಾಂಜ್ರಾ ತುಂಬಿ ಹರಿಯಿತು. ಬರ ಮತ್ತು ನೆರೆ ಎರಡು ಬೇರೆ ಬೇರೆ ವಿಪತ್ತು ಅಂತ ಸರ್ಕಾರ ಎರಡು ಕಡತ ಇಡುತ್ತದೆ. ಮಣ್ಣಿನ ದೃಷ್ಟಿಯಿಂದ ಅದು ಒಂದೇ ವಿಪತ್ತಿನ ಎರಡು ಕಂತು.

ಮಣ್ಣು ಗ್ಯಾಸ್ ಆದರೆ ಅದಕ್ಕೊಂದು ಸಚಿವಾಲಯ

ಸಮುದ್ರತಳದ ಸುಣ್ಣದಲ್ಲಿ ಇನ್ನೊಂದು ಜಾತಿ ಇದೆ. ಅದು ಚಿಪ್ಪಿನಂತೆ ಮೇಲಿಂದ ಬೀಳುವುದಿಲ್ಲ, ಕೆಸರಿನೊಳಗೇ ಹುಟ್ಟುತ್ತದೆ.

ಕೆಸರಿನಲ್ಲಿ ಹೂತ ಸಾವಯವ ವಸ್ತುವನ್ನು ಸೂಕ್ಷ್ಮಜೀವಿಗಳು ಕೊಳೆಸಿ ಮೀಥೇನ್ ಮಾಡುತ್ತವೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಆಗುವ ಕೆಲಸವೇ. ಆಳ ಸಮುದ್ರದ ತಂಪು ಮತ್ತು ಒತ್ತಡದಲ್ಲಿ ಆ ಮೀಥೇನ್ ನೀರಿನೊಂದಿಗೆ ಸೇರಿ ಮಂಜುಗಡ್ಡೆಯಂಥ ಘನವಾಗುತ್ತದೆ. ಅದೇ ಗ್ಯಾಸ್ ಹೈಡ್ರೇಟ್. ಮೇಲಕ್ಕೆ ಸೋರುವ ಮೀಥೇನ್ ಸಮುದ್ರದ ನೀರಿನ ಸಲ್ಫೇಟ್ ಜೊತೆ ಸೇರುವ ಪದರದಲ್ಲಿ ಬೇರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ಆಗ ಹೊರಬರುವ ಬೈಕಾರ್ಬೊನೇಟ್, ಕ್ಯಾಲ್ಸಿಯಂ ಜೊತೆ ಕೂಡಿ ಸುಣ್ಣದ ಗಂಟುಗಳಾಗುತ್ತವೆ. ಆ ಗಂಟಿನ ಇಂಗಾಲ ಮೀಥೇನಿನದ್ದೇ ಆದ್ದರಿಂದ ತುಂಬಾ ಹಗುರ. ಹೀಗಾಗಿ ಅಂಥ ಗಂಟು ಕೋರ್‌ನಲ್ಲಿ ಸಿಕ್ಕರೆ 'ಇಲ್ಲಿ ಒಂದು ಕಾಲಕ್ಕೆ ಗ್ಯಾಸ್ ಸೋರಿತ್ತು' ಎಂಬುದಕ್ಕೆ ಸಾಕ್ಷಿ.

2006ರ ಯಾನದಲ್ಲೇ ಕೃಷ್ಣಾ–ಗೋದಾವರಿ ಕೊಳ್ಳದ ಹತ್ತನೇ ಜಾಗದಲ್ಲಿ ಜೇಡಿಯ ಬಿರುಕುಗಳ ತುಂಬ ಹೈಡ್ರೇಟ್ ಸಿಕ್ಕಿತು. ಸುಮಾರು 130 ಮೀಟರ್ ದಪ್ಪದ ಪದರ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಅನಿಂದ್ಯ ಮಜುಂದಾರ್ ಮತ್ತು ತಂಡ 2009ರಲ್ಲಿ ಇದೇ ಕೊಳ್ಳದ ಕೋರ್ ಒಂದರಲ್ಲಿ ಮೀಥೇನಿಂದ ಹುಟ್ಟಿದ ಕಾರ್ಬೊನೇಟ್ ತೋರಿಸಿ, ಹಳೆಯ ಸೋರಿಕೆಯನ್ನು ದಾಖಲಿಸಿತು. 2019ರಲ್ಲಿ, ಈಗಲೂ ಮೀಥೇನ್ ಸೋರುತ್ತಿರುವ ಜಾಗವನ್ನು ಇದೇ ಕೊಳ್ಳದಲ್ಲಿ ಕಂಡ ವಿವರ ಪ್ರಕಟಿಸಿತು. 2015ರಲ್ಲಿ ಒಎನ್‌ಜಿಸಿ ನೇತೃತ್ವದಲ್ಲಿ ಜಪಾನಿನ 'ಚಿಕ್ಯು' ಹಡಗು ತಂದು ಎರಡನೇ ಯಾನವೂ ನಡೆಯಿತು. ವಾಣಿಜ್ಯ ಉತ್ಪಾದನೆ ಇನ್ನೂ ಶುರುವಾಗಿಲ್ಲ.

ಈ ಕೊಳ್ಳದ ಹೈಡ್ರೇಟ್‌ನ ಗ್ಯಾಸ್ ಬಹುತೇಕ ಸೂಕ್ಷ್ಮಜೀವಿಗಳೇ ಮಾಡಿದ್ದು. ಅವುಗಳ ಆಹಾರದಲ್ಲಿ, ಲಕ್ಷಾಂತರ ವರ್ಷಗಳಿಂದ ನದಿಗಳು ನೆಲದಿಂದ ಕೊಚ್ಚಿ ತಂದ ಸಾವಯವ ವಸ್ತುವಿನ ಪಾಲೂ ಇದೆ. ಈ ವರ್ಷ ಭಾಲ್ಕಿಯಲ್ಲಿ ಹೋದ ಮಣ್ಣು ನಾಳೆ ಗ್ಯಾಸ್ ಆಗಲ್ಲ, ಹಾಗೆ ಹೇಳಿದರೆ ಸುಳ್ಳು. ಆದರೆ ಒಂದು ರಾಜಕೀಯ ಸತ್ಯ ಇಲ್ಲಿದೆ. ಖಂಡದ ಅಂಚಿನಲ್ಲಿ ಕೂತ ಕೆಸರಿಗೆ ಒಂದು ಸಚಿವಾಲಯ ಇದೆ, ಮಹಾನಿರ್ದೇಶನಾಲಯ ಇದೆ, ವಿದೇಶಿ ಹಡಗಿಗೆ ಬಜೆಟ್ ಇದೆ, ಸೆಂಟಿಮೀಟರ್ ಲೆಕ್ಕದಲ್ಲಿ ದಾಖಲೆ ಇದೆ. ಅಂಥದೇ ಮಣ್ಣು ಎರಡು ಎಕರೆ ರೈತನ ಹೊಲದಲ್ಲಿ ಇರುವಷ್ಟು ದಿನ ಅದರ ದಪ್ಪ ಅಳೆಯಲು ಒಂದು ಗಜಕಡ್ಡಿಯೂ ಬರುವುದಿಲ್ಲ. ನಾನು ಗ್ಯಾಸ್ ಸಂಶೋಧನೆ ಬೇಡ ಅನ್ನುತ್ತಿಲ್ಲ. ಆ ಸಂಶೋಧನೆ ಇಲ್ಲದಿದ್ದರೆ ಈ ಕೋರ್ ಕೂಡ ಇರುತ್ತಿರಲಿಲ್ಲ. ಅಳೆಯುವ ಶಕ್ತಿ ನಮಗಿದೆ, ಏನನ್ನು ಅಳೆಯಬೇಕು ಅನ್ನೋ ಆಯ್ಕೆ ಮಾತ್ರ ರಾಜಕೀಯದ್ದು.

ನಮ್ಮ ಹೊಲದ ಸುಣ್ಣ ಏನು ಹೇಳುತ್ತದೆ

ಮೂರನೇ ಸುಣ್ಣ ನೋಡಲು ಸಮುದ್ರಕ್ಕೆ ಹೋಗಬೇಕಿಲ್ಲ. ಬಾವಿ ತೋಡಿದ ಮಣ್ಣಿನಲ್ಲಿ, ಹಳ್ಳದ ದಂಡೆಯಲ್ಲಿ ಕರಿಮಣ್ಣಿನ ನಡುವೆ ಬೂದು-ಬಿಳಿ ಹರಳು ಕಂಡಿರುತ್ತೀರಿ. ಅದೇ ಕಂಕರ್. ಹಿಂದೆ ಇದನ್ನು ಸುಟ್ಟು ಗಾರೆಗೆ ಸುಣ್ಣ ಮಾಡುತ್ತಿದ್ದರು. ಇದೂ ಕ್ಯಾಲ್ಸಿಯಂ ಕಾರ್ಬೊನೇಟ್. ಮಳೆ ನೀರು ಕರಿಕಲ್ಲಿನ ಕ್ಯಾಲ್ಸಿಯಂ ಕರಗಿಸಿಕೊಂಡು ಕೆಳಗಿಳಿಯುತ್ತದೆ, ನೆಲ ಒಣಗಿದಾಗ ಅದು ಹರಳುಗಟ್ಟುತ್ತದೆ.

ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯ ವಿಜ್ಞಾನಿಗಳು ದಶಕಗಳಿಂದ ಒಂದು ಮಾತು ಹೇಳುತ್ತಿದ್ದಾರೆ: ಹವೆ ಒಣಗಿದಂತೆ ಕರಿಮಣ್ಣಿನಲ್ಲಿ ಈ ಸುಣ್ಣ ಹೆಚ್ಚುತ್ತದೆ. ಕ್ಯಾಲ್ಸಿಯಂ ಸುಣ್ಣವಾಗಿ ಕೂತುಬಿಟ್ಟರೆ ಜೇಡಿಯಲ್ಲಿ ಸೋಡಿಯಂ ಪಾಲು ಏರುತ್ತದೆ. ಜೇಡಿ ಬಿಡಿಬಿಡಿಯಾಗಿ ರಂಧ್ರ ಮುಚ್ಚಿಕೊಳ್ಳುತ್ತದೆ, ನೀರು ಒಳಗೆ ಇಂಗುವುದಿಲ್ಲ. ಇಂಗದ ನೀರು ಮೇಲೇ ಹರಿಯುತ್ತದೆ. ಹರಿಯುವ ನೀರು ಮಣ್ಣು ಒಯ್ಯುತ್ತದೆ. ಅಂದರೆ ಸಮುದ್ರತಳದ ಚಿಪ್ಪು ಹೇಳಿದ ಕತೆಯನ್ನೇ ಹೊಲದ ಕಂಕರ್ ಕೂಡ ಹೇಳುತ್ತಿದೆ: ಒಣಗಿದ ನೆಲ ಮಳೆಯನ್ನು ತಡೆದುಕೊಳ್ಳುವುದಿಲ್ಲ.

ಮೇಲ್ಮಣ್ಣು ಹೋದ ಹೊಲದಲ್ಲಿ ಕಂಕರ್ ಮೇಲೇ ಕಾಣಿಸುತ್ತದೆ. 'ನಮ್ಮಪ್ಪನ ಕಾಲಕ್ಕ ಇಲ್ಲಿ ಕಲ್ಲ ಇದ್ದಿಲ್ಲ' ಅಂತ ಹಿರಿಯರು ಹೇಳಿದರೆ ಅದನ್ನು ಹಳೇ ಕಾಲದ ಹಳಹಳಿಕೆ ಅಂತ ತಳ್ಳಿಹಾಕಬೇಡಿ. ಕಲ್ಲು ಹೊಸದಾಗಿ ಮೇಲೆ ಬಂದಿಲ್ಲ, ಮುಚ್ಚಿದ್ದ ಮಣ್ಣು ಹೋಗಿದೆ.

ಪರಿಹಾರದ ನಿಯಮದಲ್ಲಿ ಮಣ್ಣೆಲ್ಲಿ?

ಈಗ ಕಾಗದಗಳನ್ನು ನೋಡೋಣ. 2022–26ರ ವಿಪತ್ತು ಪರಿಹಾರ ಮಾರ್ಗಸೂಚಿಯಲ್ಲಿ ಮಣ್ಣಿನ ಉಲ್ಲೇಖ ಇಲ್ಲವೇ ಇಲ್ಲ ಅಂತಲ್ಲ. ನೆರೆ ಬಂದು ಹೊಲದ ಮೇಲೆ ಮೂರು ಇಂಚಿಗಿಂತ ದಪ್ಪ ಹೂಳು ಕೂತರೆ, ಅದನ್ನು ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ ಇದೆ. ಭೂಕುಸಿತದಿಂದಲೋ ನದಿ ದಿಕ್ಕು ಬದಲಿಸಿಯೋ ಜಮೀನೇ ಹೋದರೆ ಸಣ್ಣ, ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 47,000 ಇದೆ.

ಅಂದರೆ ಬೇರೆಯವರ ಮಣ್ಣು ನಿಮ್ಮ ಹೊಲಕ್ಕೆ ಬಂದರೆ ನಷ್ಟ. ಜಮೀನು ಪೂರ್ತಿ ನದಿ ಪಾಲಾದರೆ ನಷ್ಟ. ನಿಮ್ಮ ಹೊಲದ ಮೇಲ್ಮಣ್ಣು ಅರ್ಧ ಇಂಚು ತೊಳೆದು ಹೋದರೆ ನಿಯಮದ ಪ್ರಕಾರ ಏನೂ ಆಗಿಲ್ಲ. ಒಂದು ಇಂಚು ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಕೊಳೆತ ಸೋಯಾ ಮುಂದಿನ ಜೂನ್‌ನಲ್ಲಿ ಮತ್ತೆ ಬಿತ್ತಬಹುದು.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ನೋಡಿ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕದಿಂದ ಹಿಡಿದು ಸತು, ಬೋರಾನ್, ಸಾವಯವ ಇಂಗಾಲ, ರಸಸಾರದವರೆಗೆ 12 ಅಂಶಗಳಿವೆ. ಮಣ್ಣು ಎಷ್ಟು ಆಳ ಉಳಿದಿದೆ ಎಂಬ ಹದಿಮೂರನೇ ಅಂಶ ಇಲ್ಲ. ರೋಗಿಯ ರಕ್ತ ಪರೀಕ್ಷೆ ಮಾಡಿ, ತೂಕ ನೋಡದೆ ಕಳಿಸಿದ ಹಾಗೆ.

ನ್ಯಾಯವಾಗಿ ಹೇಳಬೇಕು: ಕರ್ನಾಟಕ ಈ ದಿಕ್ಕಿನಲ್ಲಿ ಒಂದು ಒಳ್ಳೆ ಕೆಲಸ ಮಾಡಿತ್ತು. ವಿಶ್ವಬ್ಯಾಂಕ್ ನೆರವಿನ ಸುಜಲಾ-3 ಜಲಾನಯನ ಯೋಜನೆಯಲ್ಲಿ ಬೀದರ್ ಸೇರಿದಂತೆ ಹಲವು ಜಿಲ್ಲೆಗಳ ಆಯ್ದ ಕಿರು ಜಲಾನಯನಗಳಲ್ಲಿ ಭೂಸಂಪನ್ಮೂಲ ಸಮೀಕ್ಷೆ ನಡೆಯಿತು. ಮಣ್ಣಿನ ಆಳ, ಇಳಿಜಾರು, ಕಲ್ಲಿನ ಪ್ರಮಾಣ, ಸವೆತದ ನಕ್ಷೆಗಳು ತಯಾರಾದವು. ಅಂದರೆ ಮಾಡೋಕೆ ಬರಲ್ಲ ಎಂಬ ಸಬೂಬು ನಡೆಯಲ್ಲ. ಆ ನಕ್ಷೆ ಮತ್ತು ಬೆಳೆ ಹಾನಿ ಸಮೀಕ್ಷೆ ಒಂದೇ ಸರ್ಕಾರದ ಎರಡು ಇಲಾಖೆಗಳಲ್ಲಿ ಒಂದಕ್ಕೊಂದು ಪರಿಚಯವೇ ಇಲ್ಲದೆ ಕೂತಿವೆ. ಆಳವನ್ನು ಒಮ್ಮೆ ಅಳೆದು ಬಿಟ್ಟರೆ ಅದು ನಕ್ಷೆ. ನೆರೆ ಬಂದ ಮೇಲೆ ಮತ್ತೆ ಅಳೆದರೆ ಮಾತ್ರ ಅದು ಲೆಕ್ಕ.

ಎರಡು ಆಕ್ಷೇಪಗಳು

ಒಂದು: 'ಈಗ ಮಣ್ಣು ಸಮುದ್ರಕ್ಕೆ ಹೋಗೋದೇ ಇಲ್ಲ, ಡ್ಯಾಂಗಳು ತಡೆಯುತ್ತವೆ.' ದೊಡ್ಡ ಮಟ್ಟಿಗೆ ನಿಜ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲೇ ಕಾರಂಜಾ ಜಲಾಶಯ ಇದೆ, ಕೆಳಗೆ ಸಿಂಗೂರು, ಅದರ ಕೆಳಗೆ ನಿಜಾಮ್‌ಸಾಗರ. ನಿಜಾಮ್‌ಸಾಗರ 1931ರಲ್ಲಿ ಪೂರ್ತಿಯಾದಾಗ 29 ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತಿತ್ತು. ಈಗ 18 ಟಿಎಂಸಿಯೊಳಗೆ. ಉಳಿದ ಜಾಗ ಹೂಳಿನದು. ಹಾಗಾಗಿ ನಮ್ಮ ಕಾಲದ ಕೋರ್ ತೆಗೆಯಬೇಕೆಂದರೆ ಬಂಗಾಳಕೊಲ್ಲಿಗಿಂತ ಮೊದಲು ಜಲಾಶಯಗಳ ತಳಕ್ಕೆ ಹೋಗಬೇಕು. ರೈತನಿಗೆ ಆದ ನಷ್ಟ ಇದರಿಂದ ಕಡಿಮೆಯಾಗಲಿಲ್ಲ. ಹೊಲವೂ ಹೋಯ್ತು, ನೀರು ನಿಲ್ಲುವ ಜಾಗವೂ ಹೋಯ್ತು.

ಎರಡು: 'ಕೋರ್ ಹೇಳೋದು ಬೇಸಾಯವೇ ತಪ್ಪು ಅಂತಲ್ಲವಾ? ರೈತರೇ ಕಾರಣ ಅಂದಂಗಾಯ್ತು.' ಈ ವಾದವನ್ನು ಎಚ್ಚರಿಕೆಯಿಂದ ಎದುರಿಸಬೇಕು. ಕೋರ್ ಹೇಳಿದ್ದು, ಒಣ ಹವೆ ಮತ್ತು ಬರಿಮೈ ನೆಲ ಒಟ್ಟಾದರೆ ಸವೆತ ಹೆಚ್ಚುತ್ತದೆ ಅಂತ. ನೆಲದ ಮೇಲೆ ಏನು ಬೆಳೆಯಬೇಕು ಅಂತ ನಿರ್ಧರಿಸುವುದು ರೈತ ಒಬ್ಬನೇ ಅಲ್ಲ. ಬೀದರ್ ಇವತ್ತು ರಾಜ್ಯದ ಸೋಯಾ ಜಿಲ್ಲೆ. ಬೀಜ, ಗೊಬ್ಬರ, ಸಾಲ, ವಿಮೆ, ಖರೀದಿ ಎಲ್ಲವೂ ಒಂದೇ ಬೆಳೆಯ ಕಡೆ ತಳ್ಳಿದರೆ ಜೋಳದ ಜೊತೆ ತೊಗರಿ, ಹೆಸರು, ಎಳ್ಳು ಹಾಕುವ ಮಿಶ್ರಬೆಳೆ ಎಲ್ಲಿ ಉಳಿಯುತ್ತದೆ? ಪಕ್ಕದ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ಇಂಥದೇ ನೆಲದಲ್ಲಿ ಒಂದೇ ಹೊಲದಲ್ಲಿ ಹಲವು ಬೆಳೆ ಬೆಳೆದು ತೋರಿಸಿದ್ದಾರೆ. ಅವರಿಗೆ ಸಿಕ್ಕದ್ದು ಪ್ರಶಸ್ತಿ. ನಮ್ಮ ಕೃಷಿ ನೀತಿಯಲ್ಲಿ ಜಾಗ ಸಿಕ್ಕಿಲ್ಲ.

ಕೇಳಬೇಕಾದ್ದು ಏನು?

ಬೇಡಿಕೆ ದೊಡ್ಡದಲ್ಲ.

ಬೆಳೆ ಹಾನಿ ಸಮೀಕ್ಷೆಯಲ್ಲಿ ಮಣ್ಣಿನ ಆಳಕ್ಕೆ ಒಂದು ಕಾಲಂ ಬರಲಿ. ಪ್ರತಿ ಹೊಲ ಅಗೆಯಬೇಕಿಲ್ಲ. ಹೋಬಳಿಗೆ ಕೆಲವು ಕಾಯಂ ಜಾಗ ಗುರುತಿಸಿ, ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆದರೆ ಸಾಕು. ಸುಜಲಾ ನಕ್ಷೆಯಿಂದಲೇ ಶುರು ಮಾಡಬಹುದು.

ಮೇಲ್ಮಣ್ಣಿನ ನಷ್ಟವೂ ಪರಿಹಾರದ ಮಾರ್ಗಸೂಚಿಗೆ ಸೇರಲಿ. ಹಣ ಕೈಗೆ ಕೊಡುವ ಬದಲು ಬದು, ಬದುವಿನ ಮೇಲೆ ಹುಲ್ಲು ಮತ್ತು ಗಿಡ, ಹಳ್ಳದ ತಡೆ ರೂಪದಲ್ಲಿ ಕೊಟ್ಟರೂ ನಡೆಯುತ್ತದೆ. ಕೂಲಿ ಯೋಜನೆಯ ಬದು ಕೆಲಸ ಬೇಸಿಗೆಯಲ್ಲೇ ಮುಗಿಯಲಿ. ಸೆಪ್ಟೆಂಬರ್‌ನಲ್ಲಿ ಬದು ಹಾಕಿದರೆ ಫೋಟೋಕ್ಕೆ ಆಗುತ್ತದೆ ಅಷ್ಟೇ.

ಜಲಾಶಯ, ಕೆರೆಗಳ ಹೂಳು ಹೊಲಕ್ಕೆ ವಾಪಸ್ ಬರಲಿ. ಗಡಿಯಾಚೆ ಮಹಾರಾಷ್ಟ್ರದಲ್ಲಿ 2017ರಿಂದ 'ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ' ಎಂಬ ಯೋಜನೆ ಇದೆ. ಹೂಳು ಡ್ಯಾಂನಿಂದ ಹೊರಗೆ, ಹೊಲದೊಳಗೆ ಎಂಬುದು ಅದರ ಸರಳ ಅರ್ಥ. ನಮ್ಮಲ್ಲೂ ಕೆರೆ ಹೂಳು ಹೊಲಕ್ಕೆ ಹಾಕುವುದು ಅಜ್ಜನ ಕಾಲದ ರೂಢಿ. ಈಗ ಟ್ರ್ಯಾಕ್ಟರ್ ಬಾಡಿಗೆ ಯಾರಿಗೆ ಎಟುಕುತ್ತದೋ ಅವರ ಹೊಲಕ್ಕೆ ಮಾತ್ರ ಹೋಗುತ್ತದೆ. ಸಾಗಣೆ ಖರ್ಚು ಸರ್ಕಾರ ಹೊತ್ತರೆ ಎರಡು ಎಕರೆಯವನಿಗೂ ಸಿಗುತ್ತದೆ.

ಇದನ್ನೆಲ್ಲ ಯಾರನ್ನು ಕೇಳೋದು ಅಂತ ಹುಡುಕಬೇಕಿಲ್ಲ. 2023ರಲ್ಲಿ ಬಂದ ಸರ್ಕಾರದಲ್ಲಿ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಖಾತೆ ಸಿಕ್ಕಿದ್ದು ಭಾಲ್ಕಿ ಶಾಸಕ ಈಶ್ವರ ಖಂಡ್ರೆ ಅವರಿಗೆ. ಜಿಲ್ಲಾ ಉಸ್ತುವಾರಿಯೂ ಅವರದೇ. 2024ರಲ್ಲಿ ಬೀದರ್‌ನಿಂದ ಗೆದ್ದ ಸಾಗರ್ ಖಂಡ್ರೆ ದೇಶದ ಅತಿ ಕಿರಿಯ ಸಂಸದರ ಸಾಲಿನಲ್ಲಿದ್ದಾರೆ. ಅದಕ್ಕೂ ಮುಂಚೆ ಇಲ್ಲಿಂದ ಗೆದ್ದ ಬಿಜೆಪಿಯ ಭಗವಂತ ಖೂಬಾ 2021ರಿಂದ 2024ರವರೆಗೆ ಕೇಂದ್ರದಲ್ಲಿ ರಸಗೊಬ್ಬರ ಖಾತೆಯ ರಾಜ್ಯ ಸಚಿವರಾಗಿದ್ದರು. ಗೊಬ್ಬರ, ಪರಿಸರ, ಸಂಸತ್ತು, ಎಲ್ಲವೂ ಈ ಜಿಲ್ಲೆಯ ಕೈಗೆ ಒಂದಲ್ಲ ಒಂದು ಸಲ ಬಂದಿದೆ. ಗೊಬ್ಬರ ಹಾಕಬೇಕಾದ ಮಣ್ಣು ಎಷ್ಟು ಉಳಿದಿದೆ ಅಂತ ಅಳೆಯುವ ಮಾತು ಮಾತ್ರ ಯಾವ ಪಕ್ಷದ ಪ್ರಣಾಳಿಕೆಯ ಮುಖ್ಯ ಭರವಸೆ ಆಗಲಿಲ್ಲ.

ಕಬ್ಬಿಣ ಯುಗದ ದಖ್ಖನ್ ರೈತನಿಗೆ ತನ್ನ ಹೊಲದ ಮಣ್ಣು ಎಲ್ಲಿಗೆ ಹೋಗುತ್ತಿದೆ, ಎಷ್ಟು ಹೋಗುತ್ತಿದೆ ಅಂತ ತಿಳಿಯುವ ದಾರಿ ಇರಲಿಲ್ಲ. ಅವನ ನಷ್ಟದ ಲೆಕ್ಕವನ್ನು ಸಮುದ್ರ ಇಟ್ಟುಕೊಂಡಿತು, ಒಂದು ಹಡಗು ಬಂದು ಓದಿತು. ನಮಗೆ ಹಾಗೆ ಕಾಯುವ ಅಗತ್ಯ ಇಲ್ಲ. ಮುಂದಿನ ಜೂನ್‌ಗೆ ಮುಂಚೆ ನಿಮ್ಮ ಹೊಲದ ಒಂದು ಮೂಲೆಯಲ್ಲಿ ಕಬ್ಬಿಣದ ಸರಳು ನೆಟ್ಟು, ನೆಲದ ಮಟ್ಟಕ್ಕೆ ಬಣ್ಣದ ಗುರುತು ಹಾಕಿ. ಮಳೆಗಾಲ ಮುಗಿದ ಮೇಲೆ ಗುರುತಿಗೂ ನೆಲಕ್ಕೂ ಎಷ್ಟು ಅಂತರ ಬಂತು ನೋಡಿ ಫೋಟೋ ತೆಗೆಯಿರಿ. ಗ್ರಾಮಸಭೆಯಲ್ಲಿ ಆ ಫೋಟೋ ಇಟ್ಟು ಕೇಳಿ: ಇದನ್ನ ಯಾವ ಕಾಲಂನಲ್ಲಿ ಬರ್ಕೋತೀರಿ?